ಹಳೆ ಮನೆಯ ಹಾಡು: ಚಿಕ್ಕಮಗಳೂರಿನ ಗಿಟಾರಿಸ್ಟ್ ಒಬ್ಬ ಪ್ರೊಡ್ಯೂಸರ್ ಆದ ಪ್ರಕರಣ

ನಮ್ಮ ಬ್ಯಾಂಡಿನಲ್ಲಿ ನಾಲ್ವರಿದ್ದೆವು. ನಾನು ಬಾಸ್, ಅಂದರೆ ತಗ್ಗಿನ ದನಿಯ ಗಿಟಾರ್, ನುಡಿಸುತ್ತಿದ್ದೆ. ಈ ಬರಹ ನಮ್ಮ ಲೀಡ್ ಗಿಟಾರಿಸ್ಟ್ ಬಗ್ಗೆ. ಬ್ಯಾಂಡ್ ನಿಂತ ಮೇಲೆ ಅವನು ಹಾಡು ಕಟ್ಟಲು ಕಲಿತ. ಆಮೇಲೆ ಬೇರೆಯವರ ಹಾಡನ್ನು ರೆಕಾರ್ಡ್ ಮಾಡಿ ರೂಪ ಕೊಡುವ ಕೆಲಸಕ್ಕೆ ಇಳಿದ. ಆ ದಾರಿಯಲ್ಲಿ ಎಲ್ಲಿ ಎಡವಿದ, ಎಲ್ಲಿ ದಾರಿ ಸಿಕ್ಕಿತು ಅನ್ನೋದನ್ನು ನಾನು ಪಕ್ಕದಲ್ಲೇ ಕೂತು ನೋಡಿದ್ದೇನೆ. ಬರೆಯಲಾ ಅಂತ ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಹೆಸರು ಬೇಡ ಮಗಾ. ಕೆಲಸದ ಬಗ್ಗೆ ಬರಿ."

ಹಾಗಾಗಿ ಇಲ್ಲಿ ಯಾರ ಹೆಸರೂ ಇಲ್ಲ. ಕೆಲಸ ಮಾತ್ರ ಪೂರ್ತಿ ಇದೆ.

ನಾವು ಒಂಬತ್ತು ವರ್ಷ ಒಟ್ಟಿಗೆ ನುಡಿಸಿದೆವು. ಐ.ಜಿ. ರಸ್ತೆಯ ಹಿಂದೆ ಒಂದು ಮಹಡಿ ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಕಾಲೇಜು ಫೆಸ್ಟ್, ಗಣಪತಿ ಪೆಂಡಾಲು, ವಾರದ ಕೊನೆಗೆ ರೆಸಾರ್ಟು, ಹೋಮ್‌ಸ್ಟೇ. ಹೆಚ್ಚಿನವು ಇಂಗ್ಲಿಷ್ ರಾಕ್ ಹಾಡುಗಳು. ಸ್ವಂತದ್ದು ಅಂತ ಆರೇಳು ಇದ್ದವು. ಜಗಳ ಆಡಿ ಬಿಟ್ಟವರಲ್ಲ ನಾವು. ಡ್ರಮ್ಮರ್‌ಗೆ ಬೆಂಗಳೂರಲ್ಲಿ ಕೆಲಸ ಸಿಕ್ಕಿತು, ಹಾಡುವವನು ತೋಟ ನೋಡಿಕೊಳ್ಳಬೇಕಾಯಿತು, ನಾನು ಬ್ಯಾಂಕ್ ಸೇರಿದೆ. ಗಿಟಾರಿಸ್ಟ್ ಎರಡು ವರ್ಷ ಬೆಂಗಳೂರಲ್ಲಿ ಬೇರೆಯವರ ರೆಕಾರ್ಡಿಂಗ್‌ಗೆ ನುಡಿಸಿದ. ಒಂದು ಸ್ಟುಡಿಯೋದವರು ನಾಲ್ಕು ತಿಂಗಳ ದುಡ್ಡು ಕೊಡಲೇ ಇಲ್ಲ. ಅಷ್ಟರಲ್ಲಿ ಅಪ್ಪನಿಗೆ ಮಂಡಿ ನೋವು ಜಾಸ್ತಿಯಾಗಿ ಊರಿಗೆ ಬಂದ.

ಆಲ್ದೂರು ರಸ್ತೆಯಲ್ಲಿ ಅವರಿಗೆ ಸಣ್ಣ ಕಾಫಿ ತೋಟ. ಮನೆ ಪಕ್ಕದ ಹಳೆ ಗೋಡೌನಿನ ಅರ್ಧ ಭಾಗ ಕೇಳಿಕೊಂಡ. ಪ್ರೊಡ್ಯೂಸರ್ ಆಗ್ತೀನಿ ಅಂದಾಗ ಅವರಪ್ಪ ಗಾಬರಿಯಾದರು. ನಮ್ಮ ಕಡೆ ಪ್ರೊಡ್ಯೂಸರ್ ಅಂದರೆ ಸಿನಿಮಾಕ್ಕೆ ದುಡ್ಡು ಹಾಕುವವರು. "ತೋಟದ ಮೇಲೆ ಸಾಲ ಮಾಡಬೇಡಪ್ಪಾ" ಅಂದರು. ಅವರಿಗೆ ಅರ್ಥ ಮಾಡಿಸಲು ಒಂದು ಸಂಜೆ ಹಿಡಿಯಿತು.

ಸಂಗೀತದಲ್ಲಿ ಪ್ರೊಡ್ಯೂಸರ್ ಅಂದರೆ ಬೇರೆ. ಹಾಡು ಯಾವ ಶ್ರುತಿಯಲ್ಲಿರಬೇಕು, ಎಷ್ಟು ವೇಗ, ಯಾವ ವಾದ್ಯ ಬೇಕು, ಯಾವುದು ಬೇಡ, ಹತ್ತು ಸಲ ಹಾಡಿದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು ಅಂತ ನಿರ್ಧಾರ ಮಾಡುವವನು. ಗಿಟಾರಿನಿಂದ ಈ ಕೆಲಸಕ್ಕೆ ಬಂದವರು ಜಗತ್ತಿನಲ್ಲಿ ಬಹಳ ಜನ ಇದ್ದಾರೆ. ಷೀಕ್ ಬ್ಯಾಂಡಿನ ಗಿಟಾರಿಸ್ಟ್ ನೈಲ್ ರಾಜರ್ಸ್ 1983ರಲ್ಲಿ ಡೇವಿಡ್ ಬೋವಿಯ ಆಲ್ಬಮ್‌ಗೆ ಪ್ರೊಡ್ಯೂಸರ್ ಆಗಿದ್ದರು. ಬೋವಿ ಗಿಟಾರಿನಲ್ಲಿ ಸುಮ್ನೆ ನುಡಿಸಿ ತೋರಿಸಿದ ಒಂದು ಮೆದು ಹಾಡನ್ನು ಅವರು ಬಿಚ್ಚಿ, ಕುಣಿಯುವ ಹಾಡಾಗಿ ಕಟ್ಟಿದರು. ನನ್ನ ಗೆಳೆಯ ಆ ಕಥೆ ಹೇಳುವಾಗಲೆಲ್ಲ "ಬಿಚ್ಚಿ" ಅನ್ನೋ ಮಾತಿಗೆ ಒತ್ತು ಕೊಡುತ್ತಿದ್ದ. ತನ್ನ ಹಾಡನ್ನು ತಾನೇ ಬಿಚ್ಚೋದು ಎಷ್ಟು ಕಷ್ಟ ಅಂತ ಅವನಿಗೆ ಇನ್ನೂ ಗೊತ್ತಿರಲಿಲ್ಲ.

ಗೋಡೌನು

ಹದಿನಾಲ್ಕು ಅಡಿ ಉದ್ದ, ಹನ್ನೆರಡು ಅಡಿ ಅಗಲ. ಮೇಲೆ ತಗಡಿನ ಶೀಟು. ಗೋಡೆಗೆ ಅವನು ಮೊದಲು ಹೊಡೆದದ್ದು ಗೋಣಿ ಚೀಲ, ನಾಲ್ಕು ಪದರ. ಚಪ್ಪಾಳೆ ತಟ್ಟಿದರೆ ಬರುತ್ತಿದ್ದ ಪ್ರತಿಧ್ವನಿ ನಿಂತಿತು. ಖುಷಿಯಾದ. ಆದರೆ ಬಾಸ್ ನುಡಿಸಿದಾಗ ಕೋಣೆ ಗುಂಯ್ ಅನ್ನುತ್ತಲೇ ಇತ್ತು. ಗೋಣಿ ತೆಳು. ಅದು ಕೀಚಲು ದನಿಯನ್ನು ಹೀರಿಕೊಳ್ಳುತ್ತದೆ, ತಗ್ಗಿನ ದನಿಯನ್ನು ಬಿಟ್ಟುಬಿಡುತ್ತದೆ. ಬಾಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಅದುರುತ್ತದೆ. ಆ ಅಲೆ ಎಂಟು ಮೀಟರಿಗಿಂತ ಉದ್ದ, ಕೋಣೆಗಿಂತ ದೊಡ್ಡದು. ಗೋಣಿ ಅದನ್ನು ಎಲ್ಲಿ ತಡೆದೀತು? ಅಜ್ಜಿಯ ಹಳೆ ಹತ್ತಿ ಹಾಸಿಗೆಗಳನ್ನು ಸುರುಳಿ ಮಾಡಿ ನಾಲ್ಕು ಮೂಲೆಗೂ ನಿಲ್ಲಿಸಿದ. ಪೂರ್ತಿ ಅಲ್ಲ, ಕೆಲಸ ಮಾಡುವಷ್ಟು ತಗ್ಗಿತು.

ತೇವ ಇನ್ನೊಂದು ತಾಪತ್ರಯ. ಮಳೆಗಾಲದಲ್ಲಿ ತಂತಿಗೆ ತುಕ್ಕು, ಗಿಟಾರಿನ ಕತ್ತು ಬಾಗುತ್ತದೆ. ಬಟ್ಟೆಗೆ ಬೂಷ್ಟು ಹಿಡಿಯದ ಹಾಗೆ ಮಲೆನಾಡಿನ ಮನೆಗಳಲ್ಲಿ ಬೀರುವಿನೊಳಗೆ ಬಲ್ಬ್ ಉರಿಸುತ್ತಾರಲ್ವಾ, ಅದನ್ನೇ ಮಾಡಿದ. ಗಿಟಾರು, ಮೈಕು ಎಲ್ಲ ಆ ಬೀರುವಿಗೆ ಹೋದವು. ಶೀಟಿನ ಮೇಲೆ ಮಳೆ ಬಿದ್ದರೆ ದನಿ ರೆಕಾರ್ಡ್ ಮಾಡೋದು ಸಾಧ್ಯವೇ ಇಲ್ಲ. ಅದಕ್ಕೆ ವರ್ಷವನ್ನೇ ಎರಡು ಮಾಡಿಕೊಂಡ. ಜೂನ್‌ನಿಂದ ಸೆಪ್ಟೆಂಬರ್ ತನಕ ಹಾಡು ಕಟ್ಟುವುದು, ಕಂಪ್ಯೂಟರಿನಲ್ಲಿ ಡ್ರಮ್ಸ್ ಜೋಡಿಸುವುದು. ಮಳೆ ಬಿಟ್ಟ ಮೇಲೆ ದನಿ.

ಮೊದಲ ಹಾಡು

ಮೊದಲು ಬಂದವರು ಕಡೂರು ಕಡೆಯ ಒಬ್ಬ ಶಾಲಾ ಟೀಚರ್. ಭಾವಗೀತೆ ಹಾಡುವವರು. ತಾವೇ ಬರೆದ ನಾಲ್ಕು ಪದ್ಯ ತಂದಿದ್ದರು. ಅದರಲ್ಲೊಂದರ ಮೊದಲ ಸಾಲು ಹೀಗಿತ್ತು:

ಹಳೆಮನೆಯ ಬಾಗಿಲಲಿ ದೀಪವಿದೆ ನೋಡಮ್ಮ

ಗೆಳೆಯನಿಗೆ ಸಾಲು ಬಹಳ ಹಿಡಿಸಿತು. ಒಂದು ವಾರದಲ್ಲಿ ರಾಗ ಹಾಕಿದ. ಅವನು ರಾಗ ಹಾಕುವ ರೀತಿ ಬ್ಯಾಂಡಿನ ದಿನಗಳಿಂದ ಒಂದೇ. ಮೊದಲು ಗಿಟಾರಿನಲ್ಲಿ ಒಂದು ರಿಫ್ (ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ) ಹುಟ್ಟುತ್ತದೆ, ನಾಲ್ಕರ ಎಣಿಕೆಯಲ್ಲಿ. ಆಮೇಲೆ ಮಾತನ್ನು ಅದರ ಮೇಲೆ ಕೂರಿಸುತ್ತಾನೆ. ರಿಫ್‌ನ ಮೊದಲ ಸ್ವರ ಉದ್ದಕ್ಕೆ ಎಳೆದಿತ್ತು. ಹಾಗಾಗಿ ಸಾಲಿನ ಮೊದಲ ಅಕ್ಷರ "ಹ" ಕೂಡ ಉದ್ದವಾಯಿತು.

ಟೀಚರ್ ಒಂದು ಸಲ ಹಾಡಿ ನಿಲ್ಲಿಸಿದರು. "ಸರ್, ಇದು ಹಳೆ ಮನೆ ಆಗ್ತಿಲ್ಲ. ಹಾಳೆ ಮನೆ ಆಗ್ತಿದೆ. ಅಡಿಕೆ ಹಾಳೆಯಲ್ಲಿ ಕಟ್ಟಿದ ಮನೆ ಅನ್ನಿಸುತ್ತೆ" ಅಂದರು.

ನನ್ನ ಪ್ರಕಾರ ಈ ಪ್ರಕರಣದ ತಿರುವು ಇದೇ. ಇಂಗ್ಲಿಷ್ ಹಾಡಿನಲ್ಲಿ ಮಾತಿನ ಒತ್ತು ಎಲ್ಲಿ ಬೀಳುತ್ತದೆ ಅನ್ನೋದು ಮುಖ್ಯ. ಸ್ವರ ಎಳೆದರೆ ಪದ ಬದಲಾಗುವ ಭಯ ಕಡಿಮೆ. ಕನ್ನಡದಲ್ಲಿ ಉದ್ದವೇ ಅರ್ಥ. ಬಿಡು ಎಳೆದರೆ ಬೀಡು. ಕಡು ಎಳೆದರೆ ಕಾಡು. ಹಾಗಂತ ಎಳೆಯಲೇ ಬಾರದು ಅಂತ ಅಲ್ಲ. ಎಳೆಯದೆ ಹಾಡಾಗುವುದು ಹೇಗೆ? ಎಲ್ಲಿ ಎಳೆದರೆ ಮಾತು ಒಡೆಯುತ್ತದೆ ಅಂತ ಕಿವಿಗೆ ಗೊತ್ತಿರಬೇಕು. ಹದಿನೈದು ವರ್ಷ ಗಿಟಾರ್ ನುಡಿಸಿದ ನನ್ನ ಗೆಳೆಯನಿಗೆ, ಮನೆಯಲ್ಲಿ ದಿನಾ ಕನ್ನಡವನ್ನೇ ಆಡುವವನಿಗೆ, ಇದು ಕೇಳಿಸಿರಲಿಲ್ಲ. ನನಗೂ ಕೇಳಿಸಿರಲಿಲ್ಲ. ನಮ್ಮ ಬ್ಯಾಂಡಿನ ಎರಡು ಕನ್ನಡ ಹಾಡುಗಳನ್ನು ಆ ರಾತ್ರಿ ಮತ್ತೆ ಕೇಳಿದೆ. ಎರಡರಲ್ಲೂ ಇದೇ ತಪ್ಪು ತುಂಬಿತ್ತು.

"ಹಾಗಾದ್ರೆ ನೀವೇ ಓದಿ ಮೇಡಂ, ಹಾಡಬೇಡಿ, ಸುಮ್ನೆ ಓದಿ" ಅಂದ. ಅವರು ಓದಿದರು. ಓದುವಾಗ ಬೆರಳು ಮೇಜಿನ ಮೇಲೆ ತಾನಾಗಿ ತಟ್ಟುತ್ತಿತ್ತು. ಐದಕ್ಕೊಂದು ಪೆಟ್ಟು. ಹಳೆಮನೆಯ, ಐದು. ಬಾಗಿಲಲಿ, ಐದು. ದೀಪವಿದೆ, ಐದು. ನೋಡಮ್ಮ, ಐದು.

ಅದು ಅವರ ಅಜ್ಜನಿಂದ ಬಂದದ್ದು. ಅಜ್ಜ ಜಗಲಿಯಲ್ಲಿ ಕೂತು ಜೈಮಿನಿ ಭಾರತವನ್ನು ರಾಗವಾಗಿ ಓದುತ್ತಿದ್ದರಂತೆ. ಅದನ್ನು ಬರೆದ ಲಕ್ಷ್ಮೀಶನ ಊರು ಇದೇ ಕಡೂರು ತಾಲ್ಲೂಕಿನ ದೇವನೂರು. ಪೂರ್ತಿ ಕಾವ್ಯ ವಾರ್ಧಕ ಷಟ್ಪದಿಯಲ್ಲಿದೆ. ಐದು ಮಾತ್ರೆಯ ಗಣಗಳು, ಸಾಲಿಗೆ ನಾಲ್ಕು; ಮೂರನೇ, ಆರನೇ ಸಾಲಿಗೆ ಮಾತ್ರ ಆರು, ಕೊನೆಗೊಂದು ಗುರು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು. ಇದನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಗೀಟು ಹಾಕಿ ಕಲಿತಿದ್ದೆವು, ಅಂಕಕ್ಕೋಸ್ಕರ. ಟೀಚರ್ ಹಾಗೆ ಲೆಕ್ಕ ಹಾಕಿ ಬರೆದವರಲ್ಲ. ಚಿಕ್ಕಂದಿನಲ್ಲಿ ಕೇಳಿದ ನಡಿಗೆ ಕೈಯಲ್ಲಿ ಉಳಿದಿತ್ತು, ಅಷ್ಟೇ.

ಗೆಳೆಯ ಗಿಟಾರ್ ಎತ್ತಿಕೊಂಡ. ಐದರ ಎಣಿಕೆ ಅವನಿಗೆ ಹೊಸದಲ್ಲ. ಬ್ಯಾಂಡಿನಲ್ಲಿ ಐದು, ಏಳರ ರಿಫ್‌ಗಳನ್ನು ಬೆವರು ಸುರಿಸಿ ಅಭ್ಯಾಸ ಮಾಡಿದವನು. ಆಗ ಅದು ಕೈಚಳಕ ತೋರಿಸಲು ಆಗಿತ್ತು. ಈಗ ಒಂದು ಜಗಲಿಯ ನಡಿಗೆಯಾಗಿ ವಾಪಸ್ ಬಂದಿತ್ತು. ನಾಲ್ಕರ ರಿಫ್ ಬಿಟ್ಟ. ಮಾತಿನ ಉದ್ದವನ್ನೇ ಅಳತೆ ಮಾಡಿಕೊಂಡು ಹೊಸ ರಾಗ ಹಾಕಿದ. ಪ್ರತಿ ಐದರ ಮೊದಲ ಮಾತ್ರೆಗೆ ಕಿಕ್ ಡ್ರಮ್. ಎಳೆತವನ್ನೆಲ್ಲ "ನೋಡಮ್ಮ"ದ "ನೋ" ಮೇಲೆ ಹಾಕಿದ. ಅಲ್ಲಿ ಎಷ್ಟು ಎಳೆದರೂ ಅರ್ಥಕ್ಕೆ ಏನೂ ಆಗಲ್ಲ, ಯಾಕಂದ್ರೆ ಅದು ಮೊದಲೇ ದೀರ್ಘ. ಕೂಗಿ ಕರೆದ ಹಾಗೆಯೂ ಕೇಳುತ್ತದೆ.

ಆವತ್ತಿನಿಂದ ಅವನ ಕ್ರಮ ತಿರುಗಿತು. ಮೊದಲು ಮಾತು ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾನೆ. ಎರಡು ದಿನ ಅದನ್ನೇ ಕೇಳುತ್ತಾನೆ. ಗಿಟಾರು ಮೂರನೇ ದಿನ.

ಐದು ಗಿಟಾರು

ರಾಗ ಸರಿಯಾದ ಮೇಲೂ ಹಾಡು ಕೆಟ್ಟಿತು. ಇದು ಎರಡನೇ ಎಡವು, ಇದಕ್ಕೆ ಮೂರು ತಿಂಗಳು ಹೋಯಿತು.

ಶ್ರುತಿಯಿಂದ ಶುರು ಮಾಡುತ್ತೇನೆ. ರಾಕ್ ಗಿಟಾರಿಸ್ಟ್‌ಗಳಿಗೆ "ಇ" ಅಂದರೆ ತವರುಮನೆ. ದಪ್ಪ ತಂತಿಯನ್ನು ಬೆರಳಿಡದೆ ಬಿಟ್ಟರೆ ಅದೇ ಸ್ವರ, ತುಂಬಿದ ದನಿ. ಅವನು ಹಾಡನ್ನು ಅಲ್ಲೇ ಇಟ್ಟಿದ್ದ. ಟೀಚರ್ ಅವರದ್ದು ಐದೂವರೆ ಶ್ರುತಿ, ಅಂದರೆ ಜಿ ಶಾರ್ಪ್, "ಇ"ಗಿಂತ ಮೇಲೆ. ತಗ್ಗಿನ ಸಾಲುಗಳಲ್ಲಿ ಅವರ ದನಿ ಉಸಿರಾಗಿ ಹೋಗುತ್ತಿತ್ತು. ಅವರು ಸಂಕೋಚಕ್ಕೆ ಹೇಳಲಿಲ್ಲ, ಇವನು ಕೇಳಲಿಲ್ಲ. ಕೊನೆಗೆ ಗಿಟಾರಿನ ನಾಲ್ಕನೇ ಮನೆಗೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಶ್ರುತಿ ಏರಿಸುವ ಕ್ಲಿಪ್) ಹಾಕಿದ ಮೇಲೆ ಸರಿಹೋಯಿತು. ಕೇಳಿದ್ದರೆ ಮೊದಲ ದಿನವೇ ಮುಗಿಯುತ್ತಿದ್ದ ಕೆಲಸ.

ಆಮೇಲೆ ಗಿಟಾರುಗಳು. ಎಡಕ್ಕೊಂದು, ಬಲಕ್ಕೊಂದು ಡಿಸ್ಟಾರ್ಷನ್, ಅಂದರೆ ಒರಟಾಗಿ ಒಡೆದ ದನಿಯ ಗಿಟಾರು. ಮಧ್ಯೆ ಒಂದು ಕ್ಲೀನ್, ಒಡೆಯದ ತಿಳಿ ದನಿ. ಅದರ ಮೇಲೆ ಅಕೌಸ್ಟಿಕ್, ಕರೆಂಟ್ ಬೇಡದ ಮರದ ಗಿಟಾರು. ಪಲ್ಲವಿ ಬಂದಾಗಲೆಲ್ಲ ಒಂದು ಲೀಡ್. ಒಟ್ಟು ಐದು. ಒಂದೊಂದನ್ನೇ ಕೇಳಿದರೆ ಚೆನ್ನಾಗಿ ನುಡಿಸಿದ್ದಾನೆ, ಅದರಲ್ಲಿ ಎರಡು ಮಾತಿಲ್ಲ. ಟೀಚರ್ ಎಲ್ಲ ದನಿ ಸೇರಿಸಿದ ಆ ಮಿಕ್ಸನ್ನು ಕಡೂರು ಬಸ್ಸಿನಲ್ಲಿ ಫೋನಿನಲ್ಲಿ ಕೇಳಿದರು. ಪಕ್ಕದಲ್ಲಿ ಅವರಮ್ಮ. ಅಮ್ಮ ಕೇಳಿ ಹೇಳಿದ ಮಾತನ್ನು ಹಾಗೇ ಬರೆದು ಕಳಿಸಿದರು: "ಜೋರಾಗಿದೆ ಕಣೇ, ಆದ್ರೆ ಮಾತೇ ಕೇಳಲ್ವಲ್ಲ."

ಕಾರಣ ಇದು. ಡಿಸ್ಟಾರ್ಷನ್ ಗಿಟಾರಿನ ದನಿ ನಡುಭಾಗದಲ್ಲಿ ತುಂಬಿಕೊಳ್ಳುತ್ತದೆ. ಮಾತು ಸ್ಪಷ್ಟವಾಗಿ ಕೇಳಬೇಕಾದರೆ ಬೇಕಾಗುವ ಜಾಗವೂ ಅದೇ, ಮುಖ್ಯವಾಗಿ 2,000ದಿಂದ 4,000 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಸಲ ಅದುರುವ ದನಿ) ಒಳಗೆ. ತ, ಟ, ಚ ಇವುಗಳ ಅಂಚು ಬಹುಪಾಲು ಅಲ್ಲೇ ಇರುವುದು. ಇಬ್ಬರು ಒಂದೇ ಕುರ್ಚಿಗೆ ಬಂದರೆ ದಪ್ಪನಾದವನು ಕೂರುತ್ತಾನೆ. ಬ್ಯಾಂಡಿನಲ್ಲಿ ಹಾಡುವವನು ಮೈಕ್ ಹತ್ತಿರ ಕಿರುಚಿ ಹೇಗೋ ಜಾಗ ಮಾಡಿಕೊಳ್ಳುತ್ತಿದ್ದ. ಟೀಚರ್ ಕಿರುಚುವವರಲ್ಲ. ಫೋನಿನ ಸಣ್ಣ ಸ್ಪೀಕರ್‌ನಲ್ಲಿ ಬಾಸ್ ಕೇಳುವುದೇ ಇಲ್ಲ, ನಡುಭಾಗ ಮಾತ್ರ ಉಳಿಯುತ್ತದೆ. ಹಾಗಾಗಿ ಜಗಳ ಇನ್ನೂ ಜಾಸ್ತಿ.

ಅವನು ಈಕ್ವಲೈಸರ್ (ದನಿಯ ಬೇರೆ ಬೇರೆ ಭಾಗವನ್ನು ಏರಿಸಿ ಇಳಿಸುವ ಸಾಧನ) ತಿರುಗಿಸಿ ನೋಡಿದ. ಗಿಟಾರಿನಲ್ಲಿ ಆ ಭಾಗವನ್ನು ಕಡಿಮೆ ಮಾಡಿದ. ಗಿಟಾರು ಸಪ್ಪೆಯಾಯಿತು, ಮಾತು ಅರ್ಧ ಕೇಳಿತು. ದನಿ ಹೆಚ್ಚಿಸಿದ. ಹಾಡಿಗೂ ವಾದ್ಯಕ್ಕೂ ಸಂಬಂಧವೇ ಇಲ್ಲದ ಹಾಗಾಯಿತು. ಒಂದು ರಾತ್ರಿ ನನಗೆ ಫೋನ್ ಮಾಡಿ ಬಾ ಅಂದ. ಹೋದೆ. ಅವನು ಕುರ್ಚಿ ಬಿಟ್ಟು ಎದ್ದು, "ನೀನು ಕೂತ್ಕೋ ಗುರು. ನಾನು ಬಾಗಿಲ ಹತ್ತಿರ ನಿಲ್ತೀನಿ. ಒಂದೊಂದೇ ಗಿಟಾರ್ ಮ್ಯೂಟ್ ಮಾಡು. ಯಾವುದು ಹೋದ್ರೆ ಹಾಡಿಗೆ ನೋವಾಗುತ್ತೆ ನೋಡೋಣ" ಅಂದ.

ಲೀಡ್ ತೆಗೆದೆ. ಏನೂ ಆಗಲಿಲ್ಲ. ಬಲಗಡೆಯದು ತೆಗೆದೆ. ಹಾಡು ಹಗುರಾಯಿತು. ಎಡಗಡೆಯದು ತೆಗೆದಾಗ ಅವನು ಬಾಗಿಲಲ್ಲೇ ಕೂತುಬಿಟ್ಟ. ಕ್ಲೀನ್ ತೆಗೆದ ಮೇಲೆ ಉಳಿದದ್ದು ಅಕೌಸ್ಟಿಕ್, ಬಾಸ್, ಡ್ರಮ್ಸ್, ದನಿ. ಬಾಗಿಲು, ದೀಪ, ಅಮ್ಮ ಎಲ್ಲ ಕಣ್ಣ ಮುಂದೆ ಬಂದವು. ಅಕೌಸ್ಟಿಕ್ ಮುಟ್ಟಲು ಹೋದಾಗ "ಬೇಡ, ಅದು ಇರಲಿ" ಅಂದ. ಅವನ ಕಣ್ಣು ತುಂಬಿತ್ತು. ಮೂರು ತಿಂಗಳು ನುಡಿಸಿದ್ದನ್ನು ಅವನು ಹತ್ತು ನಿಮಿಷದಲ್ಲಿ ಬಿಟ್ಟುಕೊಟ್ಟ. ನನಗೆ ಅವನು ಪ್ರೊಡ್ಯೂಸರ್ ಅಂತ ಅನ್ನಿಸಿದ್ದು ಆ ರಾತ್ರಿ.

ದನಿ ತೆಗೆಯುವ ವಿಷಯದಲ್ಲೂ ಹೀಗೇ ಕಲಿತ. ಮೊದಲು ಒಂದೇ ಸಾಲನ್ನು ಇಪ್ಪತ್ತು ಸಲ ಹಾಡಿಸುತ್ತಿದ್ದ. ಗಿಟಾರಿಸ್ಟ್‌ಗೆ ಇಪ್ಪತ್ತನೇ ಸಲ ಕೈ ಪಳಗುತ್ತದೆ. ಗಂಟಲು ಹಾಗಲ್ಲ, ದಣಿಯುತ್ತದೆ. ಈಗ ಪೂರ್ತಿ ಹಾಡನ್ನು ನಾಲ್ಕು ಸಲ ಹಾಡಿಸುತ್ತಾನೆ, ಒಳ್ಳೆ ಸಾಲುಗಳನ್ನು ಆರಿಸಿ ಜೋಡಿಸುತ್ತಾನೆ. ಮಧ್ಯೆ ಗೆಳೆಯನ ಅಮ್ಮ ಕಾಫಿ ತರುತ್ತಾರೆ, ಕಾಫಿ ಬೇಡ ಅಂದವರಿಗೆ ಬೆಚ್ಚಗಿನ ನೀರು.

ಹಕ್ಕಿನ ಕಾಗದ

ಮೂರನೇ ವಿಷಯ ಕಾಗದದ್ದು. ಬ್ಯಾಂಡಿನವರೆಲ್ಲ ಇದನ್ನು ಓದಬೇಕು ಅಂತ ನನ್ನ ಆಸೆ.

ಒಂದು ಕಿರುಚಿತ್ರದ ತಂಡ ಬಂತು. ಅವರಿಗೆ ಬೇಕಾಗಿದ್ದು ನಮ್ಮ ಹಳೆ ಬ್ಯಾಂಡಿನ ಒಂದು ಹಾಡು. ಗೆಳೆಯ ಅದನ್ನು ಹೊಸದಾಗಿ ರೆಕಾರ್ಡ್ ಮಾಡಿಕೊಡಬೇಕು. ಒಂದು ಪುಟದ ಕಾಗದ ಕಳಿಸಿದರು: ಹದಿನೈದು ಸಾವಿರ ರೂಪಾಯಿ, ಎಲ್ಲ ಹಕ್ಕು, ಶಾಶ್ವತವಾಗಿ. ಅವನು ಸಹಿ ಹಾಕಲು ಹೊರಟಿದ್ದ. ನಾನು ಬ್ಯಾಂಕಿನಲ್ಲಿ ದಿನವಿಡೀ ಕಾಗದ ಓದುವವನು, ತಡಿ ಅಂದೆ. ಪರಿಚಯದ ವಕೀಲರ ಹತ್ತಿರ ಹೋದೆವು.

ಅವರು ಮೊದಲು ಕೇಳಿದ ಪ್ರಶ್ನೆ: "ಹಾಡು ಯಾರದ್ದು?" ಇಬ್ಬರೂ ಒಟ್ಟಿಗೆ "ನಮ್ಮದು" ಅಂದೆವು. ಅದು ಉತ್ತರ ಅಲ್ಲ ಅಂತ ಆಗ ಗೊತ್ತಾಯಿತು.

1957ರ ಕೃತಿಸ್ವಾಮ್ಯ ಕಾಯ್ದೆ ಒಂದು ಹಾಡಿನೊಳಗೆ ಮೂರು ಬೇರೆ ಬೇರೆ ವಸ್ತುಗಳನ್ನು ನೋಡುತ್ತದೆ. ಮಾತು ಒಂದು ಸಾಹಿತ್ಯ ಕೃತಿ, ಅದು ಬರೆದವರದ್ದು. ರಾಗ ಒಂದು ಸಂಗೀತ ಕೃತಿ, ಅದು ಸಂಯೋಜಿಸಿದವರದ್ದು. ಅದರಲ್ಲಿ ಮಾತು ಸೇರುವುದಿಲ್ಲ. ಮೂರನೆಯದು ಧ್ವನಿಮುದ್ರಣ. ಅದಕ್ಕೆ ಕಾಯ್ದೆಯ ಪ್ರಕಾರ ಕರ್ತೃ ಪ್ರೊಡ್ಯೂಸರ್, ಅಂದರೆ ಮುದ್ರಣದ ಕೆಲಸಕ್ಕೆ ತಾನಾಗಿ ಮುಂದಾಗಿ ಜವಾಬ್ದಾರಿ ಹೊತ್ತವನು. ಗೋಡೌನಿನಲ್ಲಿ ಕೂತು ಮಿಕ್ಸ್ ಮಾಡುವವನು ತಾನಾಗಿಯೇ ಆ ಪ್ರೊಡ್ಯೂಸರ್ ಆಗಿಬಿಡುವುದಿಲ್ಲ. ಕೆಲಸ ವಹಿಸಿ ಹೊಣೆ ಹೊತ್ತವರು ಬೇರೆ ಇದ್ದರೆ ಹಕ್ಕು ಅವರಿಗೆ ಹೋಗಬಹುದು. ಅಪ್ಪನಿಗೆ ಬಂದ ಗೊಂದಲ ಕಾನೂನಿನಲ್ಲೂ ಇದೆ ನೋಡಿ. ಇದಲ್ಲದೆ ನುಡಿಸಿದವರಿಗೆ, ಹಾಡಿದವರಿಗೆ ಪ್ರದರ್ಶಕರ ಹಕ್ಕು ಬೇರೆ, 50 ವರ್ಷ. ಮಾತು ಮತ್ತು ರಾಗದ ಹಕ್ಕು ಕರ್ತೃ ಬದುಕಿರುವಷ್ಟು ಕಾಲ, ಆಮೇಲೆ 60 ವರ್ಷ. ಹದಿನೈದು ಸಾವಿರಕ್ಕೆ ಅವನು ಬರೆದುಕೊಡಲು ಹೊರಟಿದ್ದು ಅಷ್ಟು ಉದ್ದದ ವಸ್ತುವನ್ನು.

ಹಕ್ಕು ಬರೆದುಕೊಡುವುದು ಲಿಖಿತವಾಗಿ, ಸಹಿಯೊಂದಿಗೇ ಆಗಬೇಕು. ಎಷ್ಟು ವರ್ಷ ಅಂತ ಬರೆಯದಿದ್ದರೆ ಐದು ವರ್ಷ ಅಂತ ಲೆಕ್ಕ. ಯಾವ ಜಾಗಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿ ಬಂದ ಮೇಲೆ ಇನ್ನೊಂದು ರಕ್ಷಣೆ ಇದೆ. ಚಿತ್ರಮಂದಿರದಲ್ಲಿ ಸಿನಿಮಾ ಜೊತೆ ತೋರಿಸುವುದನ್ನು ಬಿಟ್ಟು ಬೇರೆ ಬಳಕೆಗಳಿಂದ ಬರುವ ರಾಯಧನದಲ್ಲಿ ಮಾತು ಬರೆದವರಿಗೆ, ರಾಗ ಹಾಕಿದವರಿಗೆ ಹಕ್ಕು ಬರೆಸಿಕೊಂಡವರ ಜೊತೆ ಸಮಪಾಲು ಇದೆ. ಅದನ್ನು ಅವರು ಬಿಟ್ಟುಕೊಡುತ್ತೇನೆ ಅಂತ ಸಹಿ ಹಾಕಿದರೂ ಅದು ನಿಲ್ಲುವುದಿಲ್ಲ. ಇದನ್ನು ಸಂಗ್ರಹಿಸಿ ಹಂಚಲು 1969ರಿಂದ ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಅನ್ನೋ ಸಂಸ್ಥೆ ಇದೆ. ಗೆಳೆಯ ಈಗ ಅದರ ಸದಸ್ಯ.

ಕಷ್ಟವಾದದ್ದು ಕಾನೂನಲ್ಲ, ನಾವು ನಾಲ್ವರು. ಮಾತು ಹಾಡುವವನದ್ದು, ಅದರಲ್ಲಿ ಗೊಂದಲ ಇಲ್ಲ. ರಾಗ? ರಿಫ್ ಗಿಟಾರಿಸ್ಟ್‌ನದ್ದು. ಪಲ್ಲವಿಯ ಕೆಳಗೆ ಬಾಸ್ ಹಿಡಿಯುವ ಸ್ವರಗಳು ನನ್ನವು. ಡ್ರಮ್ಮರ್ ಒಂದು ದಿನ ಮಧ್ಯೆ ನಿಲ್ಲಿಸಿ, "ಇಲ್ಲಿ ಎಲ್ಲರೂ ಸುಮ್ನಿರಿ, ಎರಡು ಎಣಿಕೆ" ಅಂದಿದ್ದ. ಜನ ಕೂಗುತ್ತಿದ್ದದ್ದು ಆ ಮೌನ ಬಂದಾಗ. ಆ ಮೌನ ಯಾರ ಸಂಯೋಜನೆ? ಯಾರು ಎಷ್ಟು ಮಾಡಿದರು ಅಂತ ಬಿಡಿಸಿ ಹೇಳಲಾಗದ ಹಾಗೆ ಸೇರಿ ಮಾಡಿದ್ದರೆ ಅದು ಜಂಟಿ ಕೃತಿ ಅಂತ ವಕೀಲರು ವಿವರಿಸಿದರು. ಡ್ರಮ್ಮರ್ ಫೋನಿನಲ್ಲಿ ಮೊದಲು ಬೇಜಾರಾಗಿಯೇ ಮಾತಾಡಿದ. "ಇಷ್ಟು ವರ್ಷ ಆದ್ಮೇಲೆ ಲೆಕ್ಕನಾ ಮಗಾ?" ಅಂದ. ಲೆಕ್ಕ ಅವನಿಗೆ ಸಿಗಬೇಕಾದ್ದನ್ನು ಕೊಡುವುದಕ್ಕೆ ಅಂತ ತಿಳಿಯಲು ಒಂದು ವಾರ ಬೇಕಾಯಿತು. ಆಮೇಲೆ ರಜೆ ಹಾಕಿ ಬಂದ.

ನಾಲ್ವರೂ ಗೋಡೌನಿನಲ್ಲಿ ಕೂತೆವು. ಹಾಡಿನ ಅರ್ಧ ಮಾತಿಗೆ, ಅರ್ಧ ರಾಗಕ್ಕೆ. ರಾಗದ ಅರ್ಧವನ್ನು ಮೂವರು ಸಮವಾಗಿ ಹಂಚಿಕೊಂಡೆವು. ಹೊಸ ಧ್ವನಿಮುದ್ರಣ ಗೆಳೆಯನದ್ದು, ಯಾಕಂದ್ರೆ ಖರ್ಚು, ಹೊಣೆ ಎರಡೂ ಅವನದ್ದು. ಚಿತ್ರದ ತಂಡಕ್ಕೆ ಆ ಒಂದು ಚಿತ್ರಕ್ಕೆ ಮಾತ್ರ, ಐದು ವರ್ಷಕ್ಕೆ ಅನುಮತಿ. ಅವರು ಒಪ್ಪಿದರು. ನಾವು ಹೆದರಿದಷ್ಟು ಕಷ್ಟ ಇರಲಿಲ್ಲ.

ಈಗ ಅವನು ಯಾವ ಹಾಡು ಶುರು ಮಾಡುವಾಗಲೂ ಮೊದಲ ದಿನವೇ ಒಂದು ಹಾಳೆ ಬರೆಯುತ್ತಾನೆ. ಮಾತು ಯಾರದ್ದು, ರಾಗ ಯಾರದ್ದು, ಮುದ್ರಣ ಯಾರದ್ದು, ಎಷ್ಟು ಪಾಲು. ಎಲ್ಲರ ಸಹಿ. ಟೀಚರ್ ಜೊತೆಗಿನ ಹಾಡಿಗೂ ಹಾಗೇ ಬರೆದಿದ್ದಾರೆ, ಅರ್ಧ ಅರ್ಧ.

ಕೆಲಸದಿಂದ ಜೀವನ ಪೂರ್ತಿ ನಡೆಯುತ್ತಿಲ್ಲ. ವಾರಕ್ಕೆ ಮೂರು ದಿನ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತಾನೆ, ಕಾಫಿ ಕೊಯ್ಲಿನಲ್ಲಿ ತೋಟದಲ್ಲಿರುತ್ತಾನೆ. ಡ್ರಮ್ಸ್ ಇನ್ನೂ ಕಂಪ್ಯೂಟರಿನದ್ದೇ, ನಿಜವಾದ ಸೆಟ್ ಹಿಡಿಸುವಷ್ಟು ಜಾಗ ಇಲ್ಲ. ಅದು ಅವನನ್ನು ಬಹಳ ಕಾಡುತ್ತದೆ. ಗೋಡೌನಿನ ಇನ್ನರ್ಧವನ್ನು ಅಪ್ಪನಿಂದ ಕೇಳಬೇಕು ಅಂತಿದ್ದಾನೆ.

ಸದ್ಯ ಅವನ ಕೈಯಲ್ಲಿರುವುದು ಏಳನೇ ಹಾಡು. ಟೀಚರ್ ಅವರದ್ದೇ ಇನ್ನೊಂದು ಪದ್ಯ. ಅದರಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದೆ. ಎರಡನೇ ಚರಣ ಮುಗಿದ ಮೇಲೆ, ದನಿ ಇಲ್ಲದ ಕಡೆ, ಹದಿನಾರು ಸೆಕೆಂಡು. ಬಾಸ್ ನುಡಿಸಲು ನನ್ನನ್ನು ಕರೆದಿದ್ದಾನೆ. ಓದಿಸಿದ ಪದ್ಯವನ್ನು ಫೋನಿಗೆ ಕಳಿಸಿ, ಎರಡು ದಿನ ಕೇಳಿಕೊಂಡು ಬಾ ಅಂದಿದ್ದಾನೆ. ಭಾನುವಾರ ಹೋಗುತ್ತಿದ್ದೇನೆ.